ಉಪವಾಸದ ಕೌದಿ

ವಿಜಯಶ್ರೀಗೆ ಇವತ್ತು ಸೂಜಿ ಚುಚ್ಚಲಿ ಎಂದು ಶಾಂತಕುಮಾರ ಬೆಳಗಿನಿಂದ ಮೂರನೆಯ ಸಲ ಹಾರೈಸಿಕೊಂಡ. ರಕ್ತ ಬರುವಷ್ಟೇನೂ ಬೇಡ, ಅಷ್ಟು ಕಟುಕ ಅವನಲ್ಲ. ನಾಲ್ಕು ಜನರ ಮುಂದೆ ಅವಳ ಬಾಯಿಂದ ಒಂದು 'ಹಾ' ಹೊರಡುವಷ್ಟು ಚುಚ್ಚಿದರೆ ಸಾಕಿತ್ತು. ಆಟೊ ಹೈದರಾಬಾದಿನ ಮಣಿಕೊಂಡದ ಸಂದಿಗಳನ್ನು ದಾಟಿ ಹೊಸ ರಸ್ತೆಯ ಕೆಂಪು ಧೂಳಿಗೆ ಬಿದ್ದಿತ್ತು. ಎರಡು ಕೌದಿಗಳ ಗಂಟು ಅವನ ತೊಡೆಯ ಮೇಲಿತ್ತು. ಮಾರ್ಚ್ ತಿಂಗಳ ಸೆಕೆಗೆ ಗಂಟಿನಡಿ ಪ್ಯಾಂಟು ಒದ್ದೆಯಾಗುತ್ತಿತ್ತು. ಪಕ್ಕದಲ್ಲಿ ವಿಜಯಶ್ರೀ ಗದ್ವಾಲ ಸೀರೆಯ ಇಸ್ತ್ರಿ ಮುರಿಯದ ಹಾಗೆ ಸೀಟಿನ ತುದಿಗೆ ಕೂತು, ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಭಾಷಣ ಉರುಹೊಡೆಯುತ್ತಿದ್ದಳು. ಖಾಸಗಿ ಶಾಲೆಯಲ್ಲಿ ಹಿಂದಿ ಕಲಿಸುವವಳು. ಮಾತು ಅವಳ ಕಸುಬು. "ಸುಯೀ ಔರ್ ಧಾಗಾ, ಯಹೀ ನಾರೀ ಕೀ ಭಾಷಾ ಹೈ." ಸೂಜಿ ದಾರವೇ ಹೆಣ್ಣಿನ ಭಾಷೆಯಂತೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಒಂದು ಅಂಗಿಗೆ ಗುಂಡಿ ಹಚ್ಚಿದ್ದನ್ನು ಅವನು ಕಂಡಿರಲಿಲ್ಲ. ಅವರ ಮನೆಯಿಂದ ಹೊರಬಿದ್ದ ಹದಿನೇಳು ಕೌದಿಗಳನ್ನೂ ಹೊಲಿದವನು ಅವನು. ಇದು ಗೊತ್ತಿದ್ದದ್ದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ, ಆ ಇಬ್ಬರೂ ಈಗ ಒಂದೇ ಆಟೊದಲ್ಲಿ ಕೂತಿದ್ದರು.

ಹೊರಟಿದ್ದು ಒಂದು ಸಾಫ್ಟ್‌ವೇರ್ ಕಂಪನಿಯ ಮಹಿಳಾ ದಿನಕ್ಕೆ. ಅವರ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಸ್ರವಂತಿ ಆ ಕಂಪನಿಯಲ್ಲಿ ಎಚ್‌ಆರ್ ವಿಭಾಗದವಳು. ಬಾಲ್ಕನಿಯಲ್ಲಿ ಒಣಹಾಕಿದ್ದ ಕೌದಿ ನೋಡಿ, ಆಂಟೀ ಇದನ್ನು ನಮ್ಮ ಆಫೀಸಿಗೆ ಬಂದು ಹೊಲಿದು ತೋರಿಸಲೇಬೇಕು ಎಂದು ಗಂಟುಬಿದ್ದಿದ್ದಳು. ವಿಜಯಶ್ರೀ ಒಂದು ಗಳಿಗೆಯೂ ತಡೆಯದೆ ಹೂಂ ಅಂದಿದ್ದಳು. ಒಂದು ಮುಗಿದ ಕೌದಿ, ಜನರೆದುರು ಹೊಲಿಯುವುದಕ್ಕೆಂದು ಒಂದು ಮೂಲೆ ಬಿಟ್ಟ ಇನ್ನೊಂದು. ಆ ಮೂಲೆಯನ್ನು ಬಿಟ್ಟುಕೊಟ್ಟವನೂ ಶಾಂತಕುಮಾರನೇ. ಬಿಡುವಾಗ, ಇಲ್ಲಿ ಸಿಕ್ಕಿಬೀಳುತ್ತಾಳೆ ಎಂದು ಅವನ ಮನಸ್ಸು ಒಳಗೊಳಗೇ ಕುಣಿದಿತ್ತು. ಮರುಗಳಿಗೆಯೇ, ಅವಳು ಸಿಕ್ಕಿಬಿದ್ದರೆ ತಾನು ಉಳಿಯುತ್ತೇನೆಯೇ ಎಂಬ ಪ್ರಶ್ನೆ ಎದ್ದು ಕುಣಿತ ನಿಂತುಹೋಗಿತ್ತು. ಹೆಸರು ತನಗೇ ಬರಬೇಕು, ವಿಷಯ ಯಾರಿಗೂ ಗೊತ್ತಾಗಬಾರದು. ಇವೆರಡೂ ಒಟ್ಟಿಗೆ ಆಗುವ ದಾರಿಯೊಂದನ್ನು ಅವನು ಎರಡು ವರ್ಷಗಳಿಂದ ಹುಡುಕುತ್ತಿದ್ದ, ಸಿಕ್ಕಿರಲಿಲ್ಲ.

ದರ್ಜಿಯಾಗಿದ್ದರೆ ತೊಂದರೆ ಇರಲಿಲ್ಲ. ದರ್ಜಿ ಕುರ್ಚಿಯ ಮೇಲೆ ಕೂರುತ್ತಾನೆ, ಕೊರಳಲ್ಲಿ ಟೇಪು ಹಾಕಿಕೊಳ್ಳುತ್ತಾನೆ, ಮಶೀನು ತುಳಿಯುತ್ತಾನೆ, ನಾಳೆ ಬಾ ಎಂದು ಸುಳ್ಳು ಹೇಳುತ್ತಾನೆ. ಗಂಡಸಿನ ಕೆಲಸ ಅಂದರೆ ಹಾಗೆ. ಕೌದಿಗೆ ನೆಲದ ಮೇಲೆ ಕಾಲು ಚಾಚಿ ಕೂರಬೇಕು, ಅದನ್ನು ತೊಡೆಯ ಮೇಲೆ ಎಳೆದುಕೊಳ್ಳಬೇಕು, ಅಂಚಿನಿಂದ ನಡುವಿಗೆ ಗೆರೆ ಸುತ್ತುತ್ತ ಸುತ್ತುತ್ತ ತಾನೂ ಕೌದಿಯೊಳಗೆ ಸರಿಯುತ್ತ ಹೋಗಬೇಕು. ಹುಡುಗನಾಗಿದ್ದಾಗ ಚಿಂಚೋಳಿಯ ಮನೆಯಲ್ಲಿ ಅವ್ವನ ಪಕ್ಕ ಕೂತಿದ್ದವನನ್ನು ಅಪ್ಪ ಒಮ್ಮೆ ಆ ಭಂಗಿಯಲ್ಲಿ ನೋಡಿ, "ಇನ್ನ ಕುಪ್ಪಸ ಒಂದ ಬಾಕಿ ಉಳದೈತಿ ನೋಡ," ಅಂದಿದ್ದ. ಅಷ್ಟೇ ಮಾತು. ಆ ಮಾತಿಗೆ ಹೆದರಿ ನಲವತ್ತು ವರ್ಷ ಸೂಜಿ ಮುಟ್ಟಲಿಲ್ಲ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿ ಡಬ್ಬಿಗಳ ಲೆಕ್ಕ ಬರೆದುಕೊಂಡು ಗಂಡಸಾಗಿಯೇ ಇದ್ದ. ಮೇಲಿನವರು ಅರ್ಧ ಜನರಿಗೆ ಸ್ವಯಂನಿವೃತ್ತಿ ಎಂಬ ಹೆಸರಿನಲ್ಲಿ ಕೈಮುಗಿದು ಕಳಿಸಿದ ಮೇಲೆ ಮನೆಯಲ್ಲಿ ಬೆಳಗಿನ ಹನ್ನೊಂದು ಗಂಟೆ ಎಷ್ಟು ಉದ್ದ ಇರುತ್ತದೆಂದು ಅವನಿಗೆ ಮೊದಲ ಸಲ ತಿಳಿಯಿತು. ಒಂದು ಹನ್ನೊಂದು ಗಂಟೆಗೆ ಟ್ರಂಕಿನಿಂದ ತನ್ನ ನೀಲಿ ಯೂನಿಫಾರ್ಮಿನ ಅಂಗಿಗಳನ್ನು ತೆಗೆದು, ಒರೆಸುವ ಬಟ್ಟೆ ಮಾಡೋಣ ಎಂದು ಹರಿದ. ಹರಿದ ತುಂಡುಗಳನ್ನು ಸುಮ್ಮನೆ ಒಂದರ ಪಕ್ಕ ಒಂದು ಇಟ್ಟು ನೋಡಿದ. ಸಂಜೆ ವಿಜಯಶ್ರೀ ಬಂದು ಬಾಗಿಲು ಬಡಿದಾಗ ಅವನಿಗೆ ಊಟ ಮಾಡಿದ ನೆನಪಿರಲಿಲ್ಲ.

ನರಸಿಂಹ ಬಂದದ್ದು ಅದಾಗಿ ಒಂದು ತಿಂಗಳಿಗೆ. ಎದುರು ಮನೆಯವನು, ರಾಯಚೂರಿನ ಕಡೆಯವನು, ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಎಲ್ಲರ ಮನೆಯ ವಿಷಯವೂ ನೀರಿನ ಟ್ಯಾಂಕರಿನ ನೆಪದಲ್ಲಿ ಅವನಿಗೆ ತಿಳಿಯುತ್ತಿತ್ತು. ಅವತ್ತು ರವಿವಾರ, ಬಾಗಿಲು ಅರ್ಧ ತೆರೆದಿತ್ತು. "ಟ್ಯಾಂಕರ್ ಬರಾಕತ್ತೈತಿ, ನೀರ ತುಂಬ್ಕೋರಿ," ಎನ್ನುತ್ತ ಒಳಗೇ ಬಂದುಬಿಟ್ಟ. ಶಾಂತಕುಮಾರ ನೆಲದ ಮೇಲೆ ಕಾಲು ಚಾಚಿ, ಬಾಯಲ್ಲಿ ದಾರ ಕಚ್ಚಿಕೊಂಡು, ಅಪ್ಪ ನೋಡಿದ ಅದೇ ಭಂಗಿಯಲ್ಲಿ. ಆಗ ಅಡಿಗೆಮನೆಯಿಂದ ವಿಜಯಶ್ರೀ ಬಂದಳು. ಬಂದವಳು ನಗುತ್ತ ಅವನ ಕೈಯಿಂದ ಸೂಜಿ ಕಿತ್ತುಕೊಂಡು, ಅವನನ್ನು ಕೌದಿಯಿಂದ ಪಕ್ಕಕ್ಕೆ ತಳ್ಳಿ, "ನೋಡ್ರಿ ನರಸಿಂಹ ಅವರ, ಸೂಜಿಗೆ ಒಂದ ದಾರ ಪೋಣಿಸಿ ಕೊಡ್ರಿ ಅಂದ್ರ ಅರ್ಧಾ ತಾಸ ಮಾಡ್ತಾರ," ಅಂದಳು. ನರಸಿಂಹ ಹೊಟ್ಟೆ ಹಿಡಿದು ನಕ್ಕ. ಕೌದಿ ಹಿಡಿದು ನೋಡಿ, "ಭಾರೀ ಕೈ ಐತ್ರಿ ವೈನಿ ನಿಮ್ಮದು," ಅಂದ. ಆ 'ನಿಮ್ಮದು' ಶಾಂತಕುಮಾರನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಕಸಿದಳು, ಎಂದು ಅವನು ರಾತ್ರಿ ಲೆಕ್ಕ ಹಾಕಿದ. ನನ್ನ ಕಣ್ಣೆದುರಿಗೇ ಕಸಿದುಕೊಂಡಳು. ಬೆಳಗಾಗುವಷ್ಟರಲ್ಲಿ ಇಡೀ ಅಪಾರ್ಟ್‌ಮೆಂಟಿಗೆ ವಿಜಯಶ್ರೀಯ ಕೌದಿಯ ಸುದ್ದಿ ಹಬ್ಬಿತ್ತು.

ಆದರೂ ಅವನು ಸುಮ್ಮನೆ ಕೂತಿರಲಿಲ್ಲ. ಜನ ಹಳೆಯ ಬಟ್ಟೆಯ ಗಂಟುಗಳನ್ನು ತಂದು ಕೊಡತೊಡಗಿದ ಮೇಲೆ ಅವನಿಗೊಂದು ಗುಪ್ತ ರಾಜ್ಯ ಸಿಕ್ಕಿತ್ತು. ಪಾರ್ಕಿಂಗಿನ ಜಾಗಕ್ಕೆ ಬಡಿದಾಡಿ ಮಾತು ಬಿಟ್ಟ ಇಬ್ಬರು ಗೃಹಸ್ಥರ ಲುಂಗಿಗಳನ್ನು ಅಂಚಿಗೆ ಅಂಚು ಹಚ್ಚಿ ಹೊಲಿದ. ಹುಡುಗರು ಕಂಪನಿಯಲ್ಲಿ ಪುಕ್ಕಟೆ ಸಿಕ್ಕ ಟೀ-ಶರ್ಟುಗಳ ಮೇಲಿನ ದೊಡ್ಡ ದೊಡ್ಡ ಮಾತುಗಳನ್ನು ಅರ್ಧಕ್ಕೆ ಕತ್ತರಿಸಿ ತಲೆಕೆಳಗು ಕೂರಿಸಿದ. ನರಸಿಂಹನ ಹೆಂಡತಿ ಕೊಟ್ಟ ಗಂಟಿನಲ್ಲಿ ಗಂಡನ ಪಟಾಪಟಿ ಚಡ್ಡಿಯೊಂದು ಸಿಕ್ಕಿದ ದಿನ ಅವನಿಗೆ ಹಬ್ಬವಾಗಿತ್ತು. ಹಸಿರು ಬಿಳಿ ಪಟ್ಟೆ, ಗಟ್ಟಿ ಬಟ್ಟೆ. ಅದನ್ನು ನಾಲ್ಕು ತ್ರಿಕೋನ ಮಾಡಿ ಇವತ್ತಿನ ಮುಗಿದ ಕೌದಿಯ ನಟ್ಟನಡುವೆ ಹೂವಿನ ಹಾಗೆ ಕೂರಿಸಿದ್ದ. ಈಗ ಗಂಟಿನ ಮೇಲೆ ಕೈಯಿಟ್ಟು ಆ ಹೂವು ಎಲ್ಲಿರಬಹುದೆಂದು ತಡವಿ ನೋಡಿದ, ನಗು ಬಂತು. ವಿಜಯಶ್ರೀ ಕಣ್ಣು ತೆರೆದು, "ಏನ್ರೀ, ಒಬ್ಬರ ನಗಾಕತ್ತೀರಲ್ಲ," ಅಂದಳು. ಏನಿಲ್ಲ ಎಂದು ಅವನು ರಸ್ತೆಯ ಕಡೆ ಮುಖ ತಿರುಗಿಸಿದ.

ಗಾಜಿನ ಕಟ್ಟಡದ ಬಾಗಿಲಲ್ಲಿ ಕಾವಲಿನವನು ವಿಜಯಶ್ರೀಯ ಕೊರಳಿಗೆ ಹಸಿರು ಪಟ್ಟಿಯ 'ಗೆಸ್ಟ್' ಬಿಲ್ಲೆ ಹಾಕಿದ. ಶಾಂತಕುಮಾರನನ್ನೂ ಗಂಟನ್ನೂ ಒಂದೇ ಸಲ ನೋಡಿ, ಕೆಂಪು ಪಟ್ಟಿಯದೊಂದನ್ನು ಹುಡುಕಿ ಕೊಟ್ಟ. ಅದರ ಮೇಲೆ 'ವೆಂಡರ್' ಎಂದಿತ್ತು. ಹೋಗಲಿ, ಕುಡಿಯುವ ನೀರಿನ ಡಬ್ಬಿ ಹೊತ್ತು ಬಂದವನಿಗೂ ಅದೇ ಬಿಲ್ಲೆ ಇತ್ತು, ಅವನೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಆಮೇಲೆ ಕಾವಲಿನವನು ಹೊಲಿಗೆಯ ಡಬ್ಬಿ ತೆಗೆಸಿ ಕತ್ತರಿ, ಸೂಜಿಯ ಪೊಟ್ಟಣ ಎಲ್ಲವನ್ನೂ ಮೇಜಿನ ಖಾನೆಯೊಳಗೆ ಹಾಕಿಕೊಂಡ. ಚೂಪಾದದ್ದು ಯಾವುದೂ ಒಳಗೆ ಹೋಗುವಂತಿಲ್ಲ. ವಿಜಯಶ್ರೀ ಶುದ್ಧ ಹಿಂದಿಯಲ್ಲಿ ವಾದ ಮಾಡಿದಳು, ಅವನು ಕೈಯಾಡಿಸಿದ. ಶಾಂತಕುಮಾರನ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ, ದಾರ ಸುತ್ತಿದ ಎರಡು ಸೂಜಿಗಳಿದ್ದವು. ಯಾವಾಗಲೂ ಇರುತ್ತಿದ್ದವು. ತಪಾಸಣೆಯ ಕಮಾನು ಕೂಗದೆ ಅವನನ್ನು ಒಳಗೆ ಬಿಟ್ಟಿತು.

ಸಭೆ ಊಟದ ಹಾಲಿನಲ್ಲಿತ್ತು. ಐವತ್ತರವತ್ತು ಹುಡುಗಿಯರು, ಎಲ್ಲರೂ ಗುಲಾಬಿ ಬಣ್ಣ ಉಟ್ಟವರು. ಮುಂದೆ ಒಂದು ಚಾಪೆ ಹಾಸಿ ಕೌದಿ ಹರವಿದ್ದರು. ಕೊನೆಯ ಕುರ್ಚಿಯಲ್ಲಿ ಶಾಂತಕುಮಾರ. ನರಸಿಂಹನ ಚಡ್ಡಿಯನ್ನು ನೋಡಿ ಒಬ್ಬಳು, ಎಂಥ ಸೊಗಸಾದ ಹೂವು ಎಂದು ಬಗ್ಗಿ ಫೋಟೊ ತೆಗೆದುಕೊಂಡಳು. ಇನ್ನೊಬ್ಬಳು ಅದಕ್ಕೆ ಕೆನ್ನೆ ತಾಗಿಸಿ, ಎಷ್ಟು ಮೆತ್ತಗಿದೆ ಅಂದಳು. ಅವನು ಕರವಸ್ತ್ರವನ್ನು ಬಾಯಿಗೊತ್ತಿಕೊಂಡ. ಅಷ್ಟರಲ್ಲಿ ವಿಜಯಶ್ರೀ ಮೈಕು ಹಿಡಿದಿದ್ದಳು. ಈ ಕಲೆ ತನಗೆ ತನ್ನ ಅತ್ತೆಯಿಂದ ಬಂತು, ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಹಿಡಿದು ಕಲಿಸಿದರು, ಎಂದಳು. ಶಾಂತಕುಮಾರನ ನಗು ಹಾರಿಹೋಯಿತು. ಅವ್ವ ತೀರಿಕೊಂಡದ್ದು ಅವನ ಮದುವೆಗೆ ಐದು ವರ್ಷ ಮೊದಲು. ಕೌದಿ ತಗೊಂಡಳು, ಹೆಸರು ತಗೊಂಡಳು, ಈಗ ಅವ್ವನನ್ನೂ ತಗೊಂಡಳಲ್ಲ. ಸಿಟ್ಟಿನಲ್ಲಿ ಅವನ ಕಿವಿ ಬಿಸಿಯಾದವು. ಹುಡುಗಿಯರು ಚಪ್ಪಾಳೆ ತಟ್ಟಿದರು. "ಅಬ್ ಸೀಕೇ ದಿಖಾಯಿಯೇ ಆಂಟೀ," ಎಂದು ಸ್ರವಂತಿ ಅವಳನ್ನು ಚಾಪೆಗೆ ಕರೆದಳು. ಹೊಲಿದು ತೋರಿಸಬೇಕು. ವಿಜಯಶ್ರೀ ಕೂತಳು, ಖಾಲಿ ಕೈ ನೋಡಿಕೊಂಡಳು, ಸೂಜಿ ಗೇಟಿನಲ್ಲೇ ಉಳಿದಿದೆ ಎಂದು ನೆಮ್ಮದಿಯಿಂದ ನಕ್ಕಳು. ಪಾರಾದಳು. ಶಾಂತಕುಮಾರ ಎದ್ದು ನಡೆದುಹೋಗಿ, ಕಾಲರಿನಿಂದ ಒಂದು ಸೂಜಿ ಕಿತ್ತು, ಎಲ್ಲರೆದುರಿಗೆ ಅವಳ ಕೈಗೆ ಕೊಟ್ಟ. ಅವಳು ತಲೆಯೆತ್ತಿ ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ. ಅದು ಅವನಿಗೆ ಹಿಡಿಸಲಿಲ್ಲ.

ಅವಳು ಸೂಜಿಯನ್ನು ಬಟ್ಟೆಯ ಮೇಲೆ ಹಿಡಿದು, ಇಳಿಸದೆ, ಮತ್ತೆ ಮಾತು ಶುರು ಮಾಡಿದಳು. ಆಗ ಹಾಲಿನ ಬದಿಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಕೋಲನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು. ಅರವತ್ತರ ಹತ್ತಿರದ ವಯಸ್ಸು, ಕೆಲಸದ ನೀಲಿ ಕೋಟಿನ ಕೆಳಗೆ ಇಳಕಲ್ ಸೀರೆಯ ಸೆರಗು. ಬೇರೆ ದಿನವಾಗಿದ್ದರೆ ಸೂಪರ್‌ವೈಸರ್ ಗದರುತ್ತಿದ್ದನೇನೋ, ಮಹಿಳಾ ದಿನವಾದ್ದರಿಂದ ಯಾರೂ ತಡೆಯಲಿಲ್ಲ. ಅವಳು ಮುಗಿದ ಕೌದಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಯಾವೂರ್ರಿ ನಿಮ್ಮದು?" ಎಂದು ವಿಜಯಶ್ರೀಯನ್ನು ಕೇಳಿದಳು.

"ಚಿಂಚೋಳಿರಿ, ಗಂಡನ ಮನಿ," ಎಂದಳು ವಿಜಯಶ್ರೀ. ಅವಳ ದನಿ ಸಣ್ಣಗಾಗಿತ್ತು. "ನೀವು?"

"ಆಳಂದ. ಗುರುಬಾಯಿ ಅಂತ ನನ್ನ ಹೆಸರು. ಭಾಳ ಚಂದ ಹೊಲದೀರಿ ತಾಯಿ. ಗೆರಿ ಒಂದೂ ಸೊಟ್ಟ ಆಗಿಲ್ಲ." ಗುರುಬಾಯಿ ಕೌದಿಯ ಮೂಲೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದಳು. ಮೊದಲನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಎರಡು ಸಲ ಒತ್ತಿದಳು. "ಉಣಿಸಿಲ್ಲೇನ್ರಿ ಇದಕ್ಕ?"

"ಏನು?"

"ಕೌದಿ ಮುಚ್ಚೂವಾಗ ಕಡೀ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀಬೇಕಲ್ಲರಿ? ಇದು ಉಪಾಸ ಐತಲ್ಲ."

ವಿಜಯಶ್ರೀ ಗಂಡನ ಕಡೆ ನೋಡಿದಳು. ಗಂಡ ಅವಳಿಗಿಂತ ಕಂಗಾಲಾಗಿದ್ದ. ರೊಟ್ಟಿಯ ಸುದ್ದಿ ಅವನಿಗೂ ಗೊತ್ತಿರಲಿಲ್ಲ. ಅವ್ವನಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟವನು ಅವನು. ಗೆರೆ ತಪ್ಪಿದರೆ ಬಿಚ್ಚಿ ಕೊಟ್ಟವನು ಅವನು. ಆದರೆ ಕಡೆಯ ಮೂಲೆ ಬಂದಾಗ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು, ಅವ್ವ, "ಹೋಗಪ, ಗಂಡಸರು ಇರಬಾರದು, ಹೊರಗ ಹೋಗು," ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ನಗುತ್ತಿದ್ದರು. ಚಾಡಿ ಹೇಳಿಕೊಳ್ಳುತ್ತಾರೆ ಎಂದು ಅವನು ತಿಳಿದಿದ್ದ. ಹದಿನೇಳು ಕೌದಿ ಹೊಲಿದ, ಹದಿನೇಳನ್ನೂ ಹಸಿವಿನಲ್ಲೇ ಮನೆ ಮನೆಗೆ ಕಳಿಸಿದ.

ಗುರುಬಾಯಿ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು. "ಕೈ ಏನೋ ಪಳಗಿದ್ದೈತಿ. ಅವ್ವನ ಕಡಿಂದನ ಕಲತದ್ದು, ಅದೂ ಖರೆ. ಆದ್ರ ಮೂಲಿ ಮುಚ್ಚೋದು ನೋಡಿಲ್ಲ." ತಲೆಯೆತ್ತಿದಳು. "ಇದನ್ನ ಗಂಡಸು ಹೊಲದಾನ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಶಾಂತಕುಮಾರನ ಕೈ ತಾನಾಗಿ ಕಾಲರಿಗೆ ಹೋಯಿತು, ಉಳಿದ ಇನ್ನೊಂದು ಸೂಜಿ ಬೆರಳಿಗೆ ಚುಚ್ಚಿತು, ಅವನು 'ಹಾ' ಅಂದ. ಗುರುಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಾತೆಲ್ಲ ಕನ್ನಡದಲ್ಲಿ ನಡೆದಿತ್ತು. ಸುತ್ತಲಿನ ಗುಲಾಬಿ ಹುಡುಗಿಯರಿಗೆ ಒಂದಕ್ಷರವೂ ತಿಳಿದಿರಲಿಲ್ಲ, ಎಲ್ಲರೂ ಇನ್ನೂ ನಗುಮುಖದಲ್ಲಿದ್ದರು. "ಅಮ್ಮ ಏನಂತಿದ್ದಾರೆ ಅಂಕಲ್?" ಎಂದು ಸ್ರವಂತಿ ಹಿಂದಿಯಲ್ಲಿ ಕೇಳಿದಳು. ವಿಜಯಶ್ರೀಯ ಬಾಯಿ ಕಟ್ಟಿತ್ತು, ಅದನ್ನು ಅವನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದ. ಎರಡು ವರ್ಷದಿಂದ ಕಾದ ಗಳಿಗೆ ತಾನಾಗಿ ಬಂದು ಅವನ ನಾಲಿಗೆಯ ಮೇಲೆ ಕೂತಿತ್ತು. ನಿಜ ಹೇಳಿದರೆ ಹೆಸರು ಅವನದು. ಅರವತ್ತು ಜನ ನೋಡುತ್ತಿದ್ದರು. ಶಾಂತಕುಮಾರ ಗಂಟಲು ಸರಿಮಾಡಿಕೊಂಡು, ಮೇಡಂ ಕೈಯಲ್ಲಿ ಜಾದೂ ಇದೆ ಎಂದು ಹೊಗಳುತ್ತಿದ್ದಾರೆ, ಎಂದು ಹಿಂದಿಯಲ್ಲಿ ತರ್ಜುಮೆ ಮಾಡಿದ.

ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಗಸಿಗೆ ಹಿಂದಿ ಬರುವುದಿಲ್ಲ ಎಂದುಕೊಂಡದ್ದು ಅವನ ಮೂರ್ಖತನ. "ಜೂಟ್ ಬೋಲ್ರೈಂ ಮೇಡಂ," ಅಂದಳು ಗುರುಬಾಯಿ, ಇಡೀ ಹಾಲಿಗೆ ಕೇಳುವ ಹಾಗೆ. "ಯೇ ಗೋದಡಿ ಇನೋಂಚ್ ಸಿಯೇ." ಸುಳ್ಳು ಹೇಳುತ್ತಿದ್ದಾರೆ, ಇದನ್ನು ಹೊಲಿದವರು ಇವರೇ.

ಅಪ್ಪನ ಕುಪ್ಪಸದ ಮಾತು ಹಿಂದಿನಿಂದ ಬಂದು ಶಾಂತಕುಮಾರನ ಬೆನ್ನಿಗೆ ಬಡಿಯಿತು. ನೆಲ ಬಾಯಿ ಬಿಡಬಾರದೇ ಎಂದು ನೋಡಿದ. ಗುರುಬಾಯಿ ಆಗಷ್ಟೇ ಒರೆಸಿದ ನೆಲದಲ್ಲಿ ಅವನ ಮುಖವೇ ಕಾಣುತ್ತಿತ್ತು. ಆಗ ವಿಜಯಶ್ರೀ ದೊಡ್ಡದೊಂದು ಉಸಿರು ಬಿಟ್ಟಳು. ಸೂಜಿಯನ್ನು ಚಾಪೆಯ ಮೇಲಿಟ್ಟಳು.

"ಸಾಕಾಗಿತ್ರಿ ನನಗ," ಅಂದಳು, ಅವನೊಬ್ಬನಿಗೇ, ಕನ್ನಡದಲ್ಲಿ. "ಎರಡು ವರ್ಷ ಆತು ಸುಳ್ಳ ಹೇಳಿ ಹೇಳಿ. ಸತ್ತ ಅತ್ತೀನ್ನೂ ಬಿಡಲಿಲ್ಲ ಇವತ್ತ."

"ಮತ್ತ ಯಾಕ ಹೇಳಿದಿ? ನಾ ಹೇಳಂದಿದ್ನೇನು?"

"ಅವತ್ತ ಆ ನರಸಿಂಹ ಬಂದಾಗ ನಿಮ್ಮ ಮಾರಿ ಹೆಂಗಾಗಿತ್ತು, ನೀವು ನೋಡ್ಕೊಂಡಿಲ್ಲ. ನಾ ನೋಡೀನಿ. ಕದ್ದು ಸಿಕ್ಕವರಂಗ ಕುಂತಿದ್ರಿ. ಅದಕ್ಕ ಸೂಜಿ ಕಸಗೊಂಡೆ."

ಎರಡು ವರ್ಷ ಅವನು ಸಾಕಿಕೊಂಡು ಬಂದ ಸಿಟ್ಟಿಗೆ ಕೂರಲು ಜಾಗವಿಲ್ಲದ ಹಾಗಾಯಿತು. ಬೆಳಗಿನಿಂದ ಇವಳಿಗೆ ಏನು ಹಾರೈಸುತ್ತಿದ್ದೆ ಎಂದು ನೆನೆದು ನಾಚಿಕೆಯಾಯಿತು. ವಿಜಯಶ್ರೀ ಎದ್ದು ಸೆರಗು ಸರಿಮಾಡಿಕೊಂಡು, ಹಿಂದಿಯಲ್ಲಿ ಎಲ್ಲರಿಗೂ ಇದ್ದದ್ದು ಇದ್ದಂತೆ ಹೇಳಿದಳು. ತಾನು ಮಾತಿನವಳು, ಕೈ ಇವರದು. ಹುಡುಗಿಯರು ಹೋ ಎಂದು ಕೂಗಿ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಯಾರೋ ಅವನ ಫೋಟೊ ತೆಗೆದರು. "ಸರ್ಟಿಫಿಕೇಟ್ ಬದಲಾಯಿಸಬೇಕು, ಅಂಕಲ್ ನಿಮ್ಮ ಹೆಸರು?" ಎಂದು ಆ ಗದ್ದಲದಲ್ಲೇ ಸ್ರವಂತಿ ಕೂಗಿದಳು. ಅವನು ಹೇಳಿದ. ಅವಳು ಓಡಿದಳು.

ಗುರುಬಾಯಿಗೆ ಇದ್ಯಾವುದೂ ಬೇಕಿರಲಿಲ್ಲ. ಮೂಲೆ ಬಿಟ್ಟ ಕೌದಿಯನ್ನು ಅವಳು ಆಗಲೇ ತನ್ನ ಕಡೆ ಎಳೆದುಕೊಂಡಿದ್ದಳು. ಊಟದ ಚೀಲದಿಂದ ಡಬ್ಬಿ ತರಿಸಿ, ಒಣ ಕಟಕ ಜೋಳದ ರೊಟ್ಟಿಯ ಅಂಚು ಮುರಿದು, ಅಂಗೈಯಲ್ಲಿಟ್ಟುಕೊಂಡಳು. "ಬರ್ರಿ ತಾಯಿ, ಹೆಂಗ ಉಣಸೋದು ತೋರಸ್ತೀನಿ," ಎಂದು ವಿಜಯಶ್ರೀಯನ್ನೂ ಹುಡುಗಿಯರನ್ನೂ ಸುತ್ತ ಕೂರಿಸಿದಳು. ಶಾಂತಕುಮಾರನೂ ಚಾಪೆಯ ಅಂಚಿಗೆ ಮಂಡಿಯೂರಿದ. ಗುರುಬಾಯಿಯ ಕೈ ನಿಂತಿತು.

"ನೀವು ಹೊರಗ ಹೋಗ್ರಿ ಸರ."

"ನಾನ ಹೊಲದದ್ದಲ್ಲೇನ್ರಿ ಇದು?"

"ಹೊಲೀರಿ, ಯಾರ ಬ್ಯಾಡಂದಾರ? ಮೂಲಿ ಮುಚ್ಚೂವಾಗ ಗಂಡಸರು ಇರಬಾರದು. ರೀತಿ ಅಂದ್ರ ರೀತಿ."

ಐವತ್ನಾಲ್ಕು ವರ್ಷದ ಮನುಷ್ಯ ಹುಡುಗನ ಹಾಗೆ ಎದ್ದ. ಮಂಡಿ ಲಟಕ್ಕೆಂದಿತು. ಹೆಸರು ಸಿಕ್ಕಿತ್ತು, ಚಪ್ಪಾಳೆ ಸಿಕ್ಕಿತ್ತು, ಅವೆರಡರಿಂದಲೂ ಬೇಸರ ಹೋಗಲಿಲ್ಲ. ಆ ರೊಟ್ಟಿಯ ಚೂರು ಒಳಗೆ ಹೋಗುವುದನ್ನು ನೋಡಬೇಕೆಂಬ ಆಸೆ ಅವನಿಗೆ ಅಳುವಷ್ಟು ಬಂದಿತ್ತು. ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿರಬೇಕು. ಎದುರಿಗೆ ಸ್ರವಂತಿ, ಕೈಯಲ್ಲಿ ಇನ್ನೂ ಬಿಸಿಯಾಗಿದ್ದ ಕಾಗದ. ಹಿಗ್ಗಿನಿಂದ ಅವನ ಕೈಗಿಟ್ಟಳು. ಗುಲಾಬಿ ಅಂಚು, ಕಂಪನಿಯ ಮೊಹರು, ನಡುವೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ: ಶ್ರೀಮತಿ ಶಾಂತ ಕುಮಾರಿ.

ಅವನು ಎರಡು ಸಲ ಓದಿದ. ವಿಜಯಶ್ರೀ ಎದ್ದು ಬಂದು ಭುಜದ ಮೇಲಿಂದ ಇಣುಕಿದಳು, ಸೆರಗು ಬಾಯಿಗೆ ಒತ್ತಿಕೊಂಡಳು, ಪ್ರಯೋಜನವಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ತನ್ನ ತಪ್ಪು ಅರಿವಾದ ಸ್ರವಂತಿ ಕೆಂಪಾಗಿ, ಸಾರಿ ಅಂಕಲ್, ಈಗಲೇ ತಿದ್ದಿ ತರುತ್ತೇನೆ ಎಂದು ಕಾಗದಕ್ಕೆ ಕೈಹಾಕಿದಳು.

"ಏನಂತ ಬರದಾರ?" ಎಂದು ಚಾಪೆಯಿಂದ ಗುರುಬಾಯಿ ಕೂಗಿದಳು.

"ಶ್ರೀಮತಿ ಶಾಂತಕುಮಾರಿ ಅಂತ ಬರದಾರ್ರಿ," ಅಂದಳು ವಿಜಯಶ್ರೀ, ನಗುವಿನ ನಡುವೆ.

ಗುರುಬಾಯಿ ಅಂಗೈಯ ರೊಟ್ಟಿಯನ್ನೂ ಅವನನ್ನೂ ನೋಡಿದಳು. "ಸಿಕ್ಕಾ-ಮೊಹರ ಹೊಡದು ಬರದು ಕೊಟ್ಟಾರೇನು?"

"ಹೊಡದಾರ್ರಿ."

"ಹಂಗಾದ್ರ ಹೊರಗ ಯಾಕ ಹೊಂಟೀರಿ? ಬರ್ರಿ, ಕುಂದರ್ರಿ."

ಸ್ರವಂತಿ ಇನ್ನೂ ಕಾಗದದ ತುದಿ ಹಿಡಿದಿದ್ದಳು. ಶಾಂತಕುಮಾರ ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು, ನಾಲ್ಕು ಮಡಿಕೆ ಮಾಡಿ, ಎದೆಯ ಜೇಬಿಗೆ ಹಾಕಿಕೊಂಡ. "ತಿದ್ದಬ್ಯಾಡವ್ವ," ಅಂದ, ಅವಳಿಗೆ ಕನ್ನಡ ಬಾರದೆಂಬುದನ್ನು ಮರೆತು. ಹೆಂಗಸರು ಸರಿದು ಜಾಗ ಮಾಡಿದರು. ಅವನು ನಡುವೆ ಕೂತು, ಎಲ್ಲರೆದುರಿಗೆ ಕಾಲು ಚಾಚಿ, ರೊಟ್ಟಿಗಾಗಿ ಕೈಯೊಡ್ಡಿದ.